ಬಚ್ಚಲ ನೀರಿನ ನಾಲ್ಕು ಟೊಮೆಟೊ ಗಿಡ

ಕುಷ್ಟಗಿಯ ನಮ್ಮ ಮನೆಯ ಹಿತ್ತಲಲ್ಲಿ ನಾಲ್ಕೇ ನಾಲ್ಕು ಟೊಮೆಟೊ ಗಿಡ ಬೆಳೆಯಬಹುದು. ಜಾಗ ಇನ್ನೂ ಇದೆ, ನೀರಿಲ್ಲ. ನಳ ಬಂದ ದಿನ ಬ್ಯಾರಲ್, ಕೊಡ, ಬಕೆಟ್ ಸಾಲದೆ ಕುಕ್ಕರಿನಲ್ಲೂ ನೀರು ಹಿಡಿದಿಡುವ ಮನೆ ನಮ್ಮದು. ಆ ನೀರನ್ನು ಗಿಡಕ್ಕೆ ಸುರಿಯುವುದು ಕಣ್ಣಿಗೆ ಬಿದ್ದರೆ ನನ್ನ ಅತ್ತೆ ಮೂರು ದಿನ ಮಾತು ಬಿಟ್ಟಾರು. ಆದ್ದರಿಂದ ಗಿಡಕ್ಕೆ ಸಿಗುವುದು ಬಚ್ಚಲ ನೀರು ಮಾತ್ರ. ನಾನು, ನನ್ನ ಗಂಡ, ಅತ್ತೆ, ಮೂವರು ಮೈತೊಳೆದ ನೀರು ಮೋರಿಯಿಂದ ಹೊರಬಿದ್ದು ಗೋಡೆಗುಂಟ ಹರಿಯುತ್ತದೆ. ಅದರಲ್ಲಿ ನಾಲ್ಕು ಗಿಡ ಕುಡಿದು ಬದುಕುತ್ತವೆ, ಐದನೆಯದು ಒಣಗುತ್ತದೆ. ಎರಡು ವರ್ಷ ಐದನೆಯದನ್ನು ಒಣಗಿಸಿಯೇ ಇದನ್ನು ಕಲಿತದ್ದು. ಗಂಡ ದಿನಕ್ಕೆ ಎರಡು ಹೊತ್ತು ಸ್ನಾನ ಮಾಡಿದರೆ ಅದೂ ಉಳಿದೀತು, ಆದರೆ ಟೊಮೆಟೊ ಸಲುವಾಗಿ ಅಷ್ಟು ದೊಡ್ಡ ತ್ಯಾಗಕ್ಕೆ ಅವರು ತಯಾರಿಲ್ಲ.

ನಾಲ್ಕು ಗಿಡಕ್ಕೆ ಬೀಜ ಆರಿಸುವುದು ಎಷ್ಟು ಹೊತ್ತಿನ ಕೆಲಸ ಎಂದು ನಿಮಗನ್ನಿಸಬಹುದು. ನಮ್ಮ ಮನೆಯಲ್ಲಿ ಹೆಣ್ಣು ನೋಡಿ ಲಗ್ನ ಮಾಡುವುದು ಅದಕ್ಕಿಂತ ಸುಲಭ. ತಪ್ಪು ನನ್ನ ಗಂಡನದು. ಅವರು ಲೈನ್‌ಮನ್. ಕಂಬ ಹತ್ತಿ ಇಳಿದ ಊರಲ್ಲೆಲ್ಲ ಜನ ಚಹಾ ಕೊಡುತ್ತಾರೆ, ಇವರು ಚಹಾ ಕುಡಿದು ಬೀಜ ಕೇಳುತ್ತಾರೆ. ಜವಾರಿ ಟೊಮೆಟೊ ಎಂದರೆ ಪ್ರಾಣ. ಪೇಟೆಯ ಹೈಬ್ರಿಡ್ ಹಣ್ಣನ್ನು ಅವರು ಹಣ್ಣು ಎಂದೇ ಕರೆಯುವುದಿಲ್ಲ, ಬಲ್ಬು ಅನ್ನುತ್ತಾರೆ. ಹೀಗೆ ಕೂಡಿಸಿದ ಬೀಜಗಳು ಫ್ಯೂಸ್ ತಂತಿಯ ಜೊತೆ ಅಂಗಿಯ ಜೇಬಿನಲ್ಲಿರುತ್ತವೆ. ಒಂದು ಸಲ ನಾನು ಅಂಗಿ ನೆನೆಹಾಕಿ ಒಗೆಯಲು ಮರೆತು, ಮೂರನೆಯ ದಿನ ನೋಡಿದರೆ ಜೇಬಿನಲ್ಲೇ ಮೊಳಕೆ ಒಡೆದಿದ್ದವು. ಅವನ್ನು ಕಂಡು ಅವರಿಗೆ ಆದ ಸಂತೋಷ ನಮ್ಮ ಲಗ್ನದ ಫೋಟೊದಲ್ಲೂ ಕಾಣುವುದಿಲ್ಲ.

ಈ ವರ್ಷ ಪಂಚಮಿ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಮೂವರೂ ಪಡಸಾಲೆಯಲ್ಲಿ ಕೂತೆವು. ನಡುವೆ ಹಿಟ್ಟು ನಾದುವ ಒಂದು ಪರಾತ, ಅದರಲ್ಲಿ ಚೀಟಿ ಚೀಟಿ ಬೀಜ. ಗಂಡ ಒಂದೊಂದನ್ನೇ ಎತ್ತಿ ಅದರ ಗುಣಗಾನ ಮಾಡುವುದು, ಅತ್ತೆ ತೀರ್ಪು ಕೊಡುವುದು. ಅತ್ತೆಗೆ ಎಪ್ಪತ್ತು ದಾಟಿದೆ. ಅವರ ತವರು ನವಲಿ, ಕಾಲುವೆ ನೀರಿನ ಭತ್ತದ ಊರು. ಕುಷ್ಟಗಿಯ ಒಣಭೂಮಿಗೆ ಸೊಸೆಯಾಗಿ ಬಂದು ಐವತ್ತು ವರ್ಷವಾದರೂ ನಮ್ಮನ್ನೆಲ್ಲ ಅವರು ನೀರು ಕಾಣದ ಮಂದಿ ಎಂದೇ ನೋಡುತ್ತಾರೆ.

"ಇದು ಗಂಗಾವತಿ ಕಡೀ ಕ್ಯಾಂಪಿನಾಗ ಕೊಟ್ಟದ್ದು. ಗೊಂಚಲ ಗೊಂಚಲ ಬಿಡತೈತಿ. ಹಳದಿ ಹಣ್ಣು," ಅಂದರು ಗಂಡ.

"ಹಳದಿ ಯಾಕಪಾ? ಕಾಮಣಿ ಆಗೇತೇನು ಅದಕ್ಕ?"

ಹಳದಿ ಹೋಯಿತು. ಎರಡನೆಯದು ಯಲಬುರ್ಗಾ ಕಡೆಯದು, ತುದಿಗೆ ಚೂಪು ಮೂಗು ಇರುವಂಥದ್ದು. ಮೂಗಿದ್ದ ಕಾಯಿ ಮನೆಗೆ ಆಗಿಬರುವುದಿಲ್ಲ ಎಂದು ಅತ್ತೆ ಅಂದರು. ಯಾಕೆ ಎಂದು ಕೇಳಿದ್ದಕ್ಕೆ ಆಗಿಬರುವುದಿಲ್ಲ ಎಂದರೆ ಆಗಿಬರುವುದಿಲ್ಲ ಎಂದು ವಿವರಿಸಿದರು. ಮೂರನೆಯದು ಕೊಪ್ಪಳದ ಹತ್ತಿರದ ಯಾವುದೋ ತೋಟದ್ದು.

"ಇದರ ಸಿಪ್ಪಿ ಗಟ್ಟಿ ಬೇ. ಹದಿನೈದು ದಿನ ಇಟ್ಟರೂ ಕೆಡೂದಿಲ್ಲ."

"ಕೆಡಲಾರದ್ದು ಹಣ್ಣು ಹೆಂಗಾದೀತು? ಚೆಂಡು ಅದು. ಆಡಾಕ ಒಯ್ಯಿ."

ಹೀಗೆ ಗಂಡನ ಪಕ್ಷದವರೆಲ್ಲ ಠೇವಣಿ ಕಳೆದುಕೊಂಡರು. ಅವರು ಪರಾತ ಎತ್ತಿಕೊಂಡು ಎದ್ದು ಹೋದ ಮೇಲೆ ಕಣದಲ್ಲಿ ಉಳಿದದ್ದು ಎರಡು. ಒಂದು ಅತ್ತೆಯ ನವಲಿ ಟೊಮೆಟೊ. ಅಂಗೈ ಅಗಲ, ಚಪ್ಪಟೆ, ಮೈತುಂಬ ಮಡಿಕೆ, ಕುಂಬಳಕಾಯಿಯ ಮೊಮ್ಮಗಳು ಅನ್ನಬಹುದು. ಸಿಹಿ ಹೆಚ್ಚು, ಹುಳಿ ಕಡಿಮೆ. ಸಾರಿಗೆ ಒಂದೇ ಹಣ್ಣು ಸಾಕು. ಇನ್ನೊಂದು ನನ್ನ ಅವ್ವನ ಮಂಗಳೂರು ಟೊಮೆಟೊ. ಮಂಗಳೂರು ಎಂದರೆ ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯ ನಮ್ಮ ಮಂಗಳೂರು. ಹೊಸದಾಗಿ ಪರಿಚಯವಾದವರೆಲ್ಲ ಮೀನಿನ ಸಾರು ಹೇಗೆ ಮಾಡುತ್ತೀರಿ ಎಂದು ಕೇಳಿ ಕೇಳಿ ನನಗೆ ತಲೆಕೆಟ್ಟಿದೆ. ಅವ್ವನ ಟೊಮೆಟೊ ನಿಂಬೆಹಣ್ಣಿನಷ್ಟೇ ಇರುತ್ತದೆ. ಹಣ್ಣಾದರೂ ತೊಟ್ಟಿನ ಸುತ್ತ ಹಸಿರು ಹೋಗುವುದಿಲ್ಲ. ಸಿಪ್ಪೆ ಎಷ್ಟು ತೆಳುವೆಂದರೆ ಬುಟ್ಟಿಯಲ್ಲಿ ಸಂತೆಗೆ ಹೊತ್ತರೆ ಸಂತೆಯಲ್ಲಿ ಇಳಿಸುವುದು ರಸವನ್ನೇ. ಆದರೆ ಹುಳಿ! ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಹಾಕಿ ಕುಟ್ಟಿ ಸಜ್ಜೆ ರೊಟ್ಟಿಗೆ ಹಚ್ಚಿಕೊಂಡರೆ ಕಿವಿಯ ಹಿಂದೆ ಬೆವರು ಬರುತ್ತದೆ. ನಾನು ಬೆಳೆದದ್ದು ಆ ಚಟ್ನಿ ತಿಂದು.

ಪಂಚಮಿಗೆ ತವರಿಗೆ ಹೋದಾಗ ಅವ್ವ ಆ ಬೀಜವನ್ನು ಹಳೆಯ ಅರಿವೆಯ ತುಂಡಿನಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಿದ್ದಳು. "ಇವ ಕಡೀವು ನೋಡು," ಅಂದಿದ್ದಳು. ತಮ್ಮನ ಹೆಂಡತಿ ದಾಳಿಂಬೆ ಕ್ರೇಟು ಇಡಲು ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಿದ್ದಳು. ಟೊಮೆಟೊ ಮಡಿ ಇದ್ದ ಜಾಗ ಈಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಮೂಲೆ ಬಿಡು ಎಂದು ಅವ್ವ ಕೇಳಿದ್ದಕ್ಕೆ, "ಆ ಹುಳಿ ಕಾಯಿ ಯಾರು ತಿಂತಾರ ಬಿಡ್ರಿ ಅತ್ತಿ, ಪ್ಯಾಟ್ಯಾಗ ಕಿಲೋಗಟ್ಟಲೆ ಸಿಗತಾವ," ಅಂದಳಂತೆ. ಅವ್ವ ಇದನ್ನು ದೂರಿನಂತೆ ಹೇಳಲಿಲ್ಲ. ಹೇಳುತ್ತ ಗಂಟನ್ನು ಇನ್ನೊಂದು ಸಲ ಬಿಗಿ ಮಾಡಿದಳು, ಅಷ್ಟೇ. ಆ ಬೀಜ ಅವಳ ಅವ್ವನಿಂದ ಬಂದದ್ದು. ನನ್ನ ಹಿತ್ತಲಲ್ಲಿ ಹುಟ್ಟದಿದ್ದರೆ ಅಲ್ಲಿಗೆ ಮುಗಿಯಿತು.

ಇದನ್ನು ನಾನು ಆ ಭಾನುವಾರವೇ ಅತ್ತೆಗೆ ಹೇಳಿದ್ದರೆ ಈ ಕಥೆ ಇರುತ್ತಿರಲಿಲ್ಲ. ಹೇಳಲಿಲ್ಲ. ನನ್ನ ತವರಲ್ಲಿ ಅವ್ವನಿಗೆ ಒಂದು ಮೊಳ ಜಾಗವಿಲ್ಲ ಎಂದು ಅತ್ತೆಯ ಮುಂದೆ ಹೇಗೆ ಹೇಳುವುದು? ನನಗೂ ಸೊಕ್ಕಿದೆ. ಹಾಗಾಗಿ ಎರಡು ಗಿಡ ನವಲಿಯದು, ಎರಡು ಮಂಗಳೂರಿನದು ಎಂದು ಒಪ್ಪಂದವಾಯಿತು. ಎರಡು ಎಣ್ಣೆ ಡಬ್ಬಿ ಕತ್ತರಿಸಿ ಮಣ್ಣು ತುಂಬಿ ಬೇರೆ ಬೇರೆ ಬೀಜ ಹಾಕಿದೆವು. ಅತ್ತೆಯ ಡಬ್ಬಿಯಲ್ಲಿ ಸಾಸಿವೆ ಚೆಲ್ಲಿದಂತೆ ಎದ್ದವು. ಅವ್ವನ ಬೀಜ ಹಳೆಯದು, ಎಲ್ಲ ಹಾಕಿದರೂ ಮೊಳೆತದ್ದು ಐದು. ಒಂದನ್ನು ಬಾಜೂ ಮನೆಯ ಕೋಳಿ ತಿಂದಿತು. ಉಳಿದದ್ದು ನಾಲ್ಕು.

ಸಸಿ ನಾಟಿ ಮಾಡುವ ದಿನ ಅತ್ತೆ ಯಾರದೋ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ನಾನು ನಾಲ್ಕು ಗುಂಡಿ ತೋಡಿ, ಎರಡೂ ಡಬ್ಬಿ ಮುಂದಿಟ್ಟುಕೊಂಡು ಕೂತೆ. ನವಲಿ ಟೊಮೆಟೊ ನವಲಿಯ ಪ್ರತಿ ಮನೆಯ ಹಿತ್ತಲಲ್ಲೂ ಇದೆ, ಬೇಕಾದಾಗ ಬಸ್ಸು ಹತ್ತಿ ಹೋಗಿ ತರಬಹುದು. ಅವ್ವನದು ಈ ನಾಲ್ಕೇ. ಎರಡನ್ನು ನೆಟ್ಟು ಎರಡನ್ನು ಸಾಯಲು ಬಿಡುವುದು ಯಾವ ನ್ಯಾಯ? ನಾಲ್ಕು ಗುಂಡಿಗೂ ಅವ್ವನ ಸಸಿಯನ್ನೇ ಇಟ್ಟುಬಿಟ್ಟೆ. ಅತ್ತೆಯ ಡಬ್ಬಿಯಿಂದ ಎರಡು ಕಿತ್ತು, ಎಣಿಕೆ ಸರಿಯಿರಲಿ ಎಂದು, ಗೋಡೆಯಾಚೆ ಒಗೆದೆ. ಎಳೆಯ ಟೊಮೆಟೊ ಸಸಿಗಳು ನೋಡಲು ಎಲ್ಲ ಒಂದೇ, ಯಾರಿಗೆ ಗೊತ್ತಾಗಬೇಕು?

ಆದರೂ ಅತ್ತೆಗೆ ತೃಪ್ತಿಯಾಗಬೇಕಲ್ಲ. ಮೊಸರಿನ ಡಬ್ಬಿಯ ಮುಚ್ಚಳ ಕತ್ತರಿಸಿ ನಾಲ್ಕು ಪಟ್ಟಿ ಮಾಡಿದೆ. ಎರಡರ ಮೇಲೆ ನವಲಿ, ಎರಡರ ಮೇಲೆ ಮಂಗಳೂರು ಎಂದು ದಪ್ಪಕ್ಷರದಲ್ಲಿ ಬರೆದು ಗಿಡದ ಕೋಲಿಗೆ ಕಟ್ಟಿದೆ. ಅತ್ತೆಗೆ ಓದು ಬರುವುದಿಲ್ಲ, ಆದರೆ ಐವತ್ತು ವರ್ಷ ತವರಿನ ಬಸ್ಸು ಹಿಡಿದವರು, ನವಲಿ ಎಂಬ ಬೋರ್ಡನ್ನು ಅರ್ಧ ಫರ್ಲಾಂಗಿನಿಂದ ಗುರುತಿಸುತ್ತಾರೆ. ಇನ್ನು ನನ್ನ ವಿಷಯ. ನಾನು ಸರ್ಕಾರಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಒಬ್ಬರ ಬಾಟಲಿಗೆ ಇನ್ನೊಬ್ಬರ ಹೆಸರು ಅಂಟಿಸುವುದಕ್ಕಿಂತ ದೊಡ್ಡ ತಪ್ಪು ನಮ್ಮ ಕೆಲಸದಲ್ಲಿಲ್ಲ. ನೌಕರಿಯಲ್ಲಿ ಒಮ್ಮೆಯೂ ಮಾಡದ ತಪ್ಪನ್ನು ಹಿತ್ತಲಲ್ಲಿ ಎರಡು ಸಲ ಮಾಡಿದೆ.

ಅತ್ತೆ ಬಂದವರು ತೊಟ್ಟಿಲ ಕಾರ್ಯದ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತ ಹಿತ್ತಲಿಗೆ ನಡೆದರು. ಪಟ್ಟಿ ನೋಡಿ, "ಛಲೋ ಮಾಡಿದಿ ಯವ್ವ. ಕಲತವ್ರು ಕಲತವ್ರ," ಅಂದರು. ನನಗೆ ಸ್ವಲ್ಪ ನಾಚಿಕೆಯಾಯಿತು. ಸ್ವಲ್ಪವೇ.

ನಾಲ್ಕು ದಿನ ಕಳೆದಿರಬೇಕು. ಡ್ಯೂಟಿ ಮುಗಿಸಿ ಬಂದು ನೋಡಿದರೆ ಮಂಗಳೂರು ಎಂದು ಬರೆದ ಎರಡು ಸಸಿಗಳು ತಲೆ ಬಾಗಿಸಿ ನಿಂತಿದ್ದವು. ನವಲಿಯ ಹೆಸರಿನವು ನೆಟ್ಟಗಿದ್ದವು. "ಇವಕ್ಕೇನಾತ್ರೀ ಅತ್ತಿ?" ಎಂದೆ. "ಬಿಸಲು ಜಗ್ಗಿ ಇತ್ತವಾ ಇವತ್ತ. ನಿಮ್ಮ ಊರಿನವು ಸೂಕ್ಷ್ಮ ಕಾಣತೈತಿ," ಎಂದು ಅತ್ತೆ ಗೋಧಿ ಹಸನು ಮಾಡುತ್ತಲೇ ಹೇಳಿದರು. ಎರಡು ದಿನದಲ್ಲಿ ಸಸಿಗಳು ಸುಧಾರಿಸಿಕೊಂಡವು. ನನಗೆ ಯಾವ ಸಂಶಯವೂ ಬರಲಿಲ್ಲ. ಮೋಸ ಮಾಡಿದವರಿಗೆ ತಮಗೂ ಮೋಸವಾದೀತು ಎಂಬ ಯೋಚನೆಯೇ ಬರುವುದಿಲ್ಲ ಎಂದು ಆಮೇಲೆ ತಿಳಿಯಿತು.

ಗೊತ್ತಾದದ್ದು ದೀಪಾವಳಿಯ ಆಸುಪಾಸಿನಲ್ಲಿ, ಕಾಯಿ ಕಟ್ಟಿದಾಗ. ಮಂಗಳೂರು ಎಂದು ಬರೆದ ಗಿಡಗಳಲ್ಲಿ ಚಪ್ಪಟೆ ಕಾಯಿ, ಮೈತುಂಬ ಮಡಿಕೆ. ನವಲಿ ಎಂದು ಬರೆದವುಗಳಲ್ಲಿ ಗೋಲಿಯಂಥ ದುಂಡು ಕಾಯಿ. ಬೆಳಗಿನ ಏಳು ಗಂಟೆಗೆ ಕೈಯಲ್ಲಿ ತಂಬಿಗೆ ಹಿಡಿದು ನಾನು ಹಿತ್ತಲಲ್ಲಿ ನಿಂತೇಬಿಟ್ಟೆ. ನಾನು ಮನೆಯಲ್ಲಿಲ್ಲದಾಗ ಅತ್ತೆ ಮಂಗಳೂರಿನ ಹೆಸರಿದ್ದ ಎರಡೂ ಸಸಿ ಕಿತ್ತು, ಅಲ್ಲಿ ತಮ್ಮ ಡಬ್ಬಿಯ ಸಸಿ ನೆಟ್ಟಿದ್ದಾರೆ! ನಾಲ್ಕೂ ತಮ್ಮ ತವರಿನವೇ ಇರಲಿ ಎಂದು. ಅವ್ವನ ಎರಡು ಸಸಿಗಳು ಏನಾದವೋ ನಾನು ಈವತ್ತಿಗೂ ಕೇಳಿಲ್ಲ. ಇವತ್ತು ಈ ಮನೆಯಲ್ಲಿ ಒಂದು ತೀರ್ಮಾನ ಆಗಲೇಬೇಕೆಂದು ತಿರುಗಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರ ಕಣ್ಣು ನವಲಿ ಎಂದು ಬರೆದ ಗಿಡದ ದುಂಡು ಕಾಯಿಗಳ ಮೇಲಿತ್ತು. ಅವರ ಮುಖದಲ್ಲೂ ನನ್ನದೇ ಸಿಟ್ಟು.

ನಾನು ಅವರಿಗೆ, "ನನ್ನ ಸಸಿ ಯಾಕ ಕಿತ್ತಿರಿ?" ಎಂದು ಕೇಳಬೇಕು. ಕೇಳಿದರೆ ಅವರು, "ನನ್ನ ಹೆಸರಿನ ಗಿಡದಾಗ ನಿನ್ನ ಕಾಯಿ ಹೆಂಗ ಬಂತು?" ಎಂದು ಕೇಳುತ್ತಾರೆ. ಇಬ್ಬರೂ ಬಾಯಿ ತೆರೆದೆವು, ಇಬ್ಬರೂ ಮುಚ್ಚಿದೆವು.

ಕಡೆಗೆ ಅತ್ತೆಯೇ ಅಂದರು, "ನಿಮ್ಮ ಮಂಗಳೂರು ಟಮಾಟಿ ಭಾಳ ಚೆಂದ ಬಂದಾವ ನೋಡವಾ. ಎಷ್ಟು ದೊಡ್ಡವು!"

"ನಿಮ್ಮ ನವಲಿವೂ ಛಲೋ ಅದಾವ್ರಿ ಅತ್ತಿ," ಅಂದೆ ನಾನು. "ಸಣ್ಣವಾದ್ರೂ ಗಟ್ಟಿ."

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ವಿಚಿತ್ರ ನಾಟಕ ಶುರುವಾಯಿತು. ತನ್ನದನ್ನು ಹೊಗಳಬೇಕಾದರೆ ಇಬ್ಬರೂ ಇನ್ನೊಬ್ಬರ ತವರನ್ನು ಹೊಗಳಬೇಕು. ಅತ್ತೆ ಓಣಿಯ ಹೆಂಗಸರನ್ನು ಹಿತ್ತಲಿಗೆ ಕರೆತಂದು, "ನಮ್ಮ ಸೊಸಿ ತವರಿನ ಟಮಾಟಿ ನೋಡ್ರಿ, ಒಂದ ಹಣ್ಣಿಗೆ ಸಾರು ಆಕ್ಕೈತಿ," ಎಂದು ಎದೆಯುಬ್ಬಿಸಿ ತೋರಿಸುವರು. ನಾನು ಆಸ್ಪತ್ರೆಯಲ್ಲಿ ಡಬ್ಬಿ ತೆರೆದು, "ನಮ್ಮ ಅತ್ತಿ ತವರಿನ ಹಸಿ ಟಮಾಟಿಕಾಯಿ ಚಟ್ನಿ, ತಿಂದು ನೋಡ್ರಿ, ಇಂಥಾ ಹುಳಿ ಎಲ್ಲ್ಯೂ ಸಿಗಂಗಿಲ್ಲ," ಎಂದು ಹಂಚುವೆ. ಬಾಜೂ ಮನೆಯಾಕೆ, ಅದೇ ಕೋಳಿಯ ಒಡತಿ, ತನ್ನ ಸೊಸೆಯ ಜೊತೆ ದಿನಾ ಎರಡು ಹೊತ್ತು ಜಗಳ ಆಡುವವಳು, ಇದನ್ನೆಲ್ಲ ಕಂಡು ಗಲ್ಲಕ್ಕೆ ಕೈಹಚ್ಚಿ ಕೂತಳು. ಇಡೀ ಓಣಿಗೆ ನಮ್ಮದು ಮಾದರಿ ಮನೆಯಾಯಿತು. ನನ್ನ ಗಂಡ ಮಾತ್ರ ಒಮ್ಮೆ ಪಟ್ಟಿ ನೋಡಿ, ಕಾಯಿ ನೋಡಿ, ತಲೆ ಕೆರೆದುಕೊಂಡರು. "ಇದು ಅದಲಾಬದಲಾ ಆದಂಗ ಕಾಣತೈತಿ..." ಎಂದು ಶುರುಮಾಡಿದಾಗ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ, "ನಿಮಗೇನ ತಿಳೀತೈತಿ?" "ನಿನಗೇನ ತಿಳೀತೈತಿ?" ಎಂದು ಮೈಮೇಲೆ ಬಿದ್ದೆವು. ಹನ್ನೊಂದು ಸಾವಿರ ವೋಲ್ಟಿಗೆ ಹೆದರದ ಮನುಷ್ಯ ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ನಗುನಗುತ್ತ ನಡೆದಿದ್ದಾಗಲೇ ಅವ್ವನ ಎರಡು ಗಿಡಗಳಲ್ಲಿ ಒಂದಕ್ಕೆ ಸೊರಗು ರೋಗ ಬಂತು. ಬೆಳಿಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನಕ್ಕೆ ಜೋತುಬಿತ್ತು, ಮೂರನೆಯ ದಿನ ಕಟ್ಟಿಗೆಯಾಯಿತು. ಕಾಯಿಗಳು ಇನ್ನೂ ಎಳೆಯವು, ಬೀಜಕ್ಕೆ ಬರುವಂಥವಲ್ಲ. ಗಿಡ ಕಿತ್ತು ಕೈಯಲ್ಲಿ ಹಿಡಿದಾಗ ನನಗೆ ಅಳು ತಡೆಯಲಾಗಲಿಲ್ಲ. ಇನ್ನು ಉಳಿದದ್ದು ಒಂದೇ ಗಿಡ, ಅದಕ್ಕೂ ಇದೇ ಗತಿಯಾದರೆ ಅವ್ವನಿಗೆ ಏನು ಹೇಳಲಿ? ಬಚ್ಚಲ ಕಲ್ಲಿನ ಮೇಲೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ಗೋಡೆಯ ಮೇಲಿಂದ ಬಾಜೂ ಮನೆಯಾಕೆ ಇಣುಕಿದಳು.

"ಅತ್ತಿ ತವರಿನ ಗಿಡ ಸತ್ತದ್ದಕ್ಕ ಹಿಂಗ ಅಳತೀಯೇನ ನಮ್ಮವ್ವ! ನನ್ನ ಸೊಸಿ ನಾ ಸತ್ತರೂ ಇಷ್ಟು ಅಳಂಗಿಲ್ಲ," ಎಂದು ತಾನೂ ಕಣ್ಣು ಒರೆಸಿಕೊಂಡಳು.

ಅತ್ತೆ ಹೊರಗೆ ಬಂದರು. ನನ್ನ ಕೈಯ ಗಿಡ ನೋಡಿದರು, ಮುಖ ನೋಡಿದರು. "ಬರೇ ಗಿಡಕ್ಕ ಅಳಾಕತ್ತಿಲ್ಲ ನೀ," ಅಂದರು.

ಬಾಜೂ ಮನೆಯಾಕೆ ತಲೆ ಒಳಗೆ ತೆಗೆದುಕೊಂಡ ಮೇಲೆ ನಾನು ಮೂಗು ಎಳೆಯುತ್ತ ಹೇಳಿದೆ: "ನಮ್ಮ ಅವ್ವನ ಹಿತ್ತಲಕ್ಕ ಸಿಮೆಂಟ ಹಾಕ್ಯಾರ್ರಿ ಅತ್ತಿ. ಆಕಿ ಹತ್ರ ಈಗ ಒಂದ ಬೀಜಾನೂ ಇಲ್ಲ."

ಯಾವ ಗಿಡ, ಯಾವ ಬೀಜ ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಒಳಗೆ ಹೋಗಿ ಒಲೆಬೂದಿ, ಬೇವಿನ ಹಿಂಡಿ ತಂದರು. ಉಳಿದಿದ್ದ ಗಿಡದ ಬುಡ ಬಿಡಿಸಿ ಹಾಕಿದರು. ಮರುದಿನ ನಾನು ಎದ್ದು ನೋಡುವಷ್ಟರಲ್ಲಿ ಆ ಗಿಡದ ಬುಡ ಹಸಿಯಾಗಿತ್ತು. ಬಚ್ಚಲ ನೀರಲ್ಲ, ಬ್ಯಾರಲ್ಲಿನ ನಳದ ನೀರು. ನಾನು ಕಂಡರೂ ಕಾಣದವಳಂತೆ ಒಳಗೆ ಬಂದೆ.

ಬೀಜಕ್ಕೆ ಹಣ್ಣು ಬಿಡುವ ಹೊತ್ತು ಬಂತು. ನಮ್ಮ ಕಡೆ ಗಿಡದ ಮೊದಲ ಗೊಂಚಲಿನಲ್ಲಿ ದಷ್ಟಪುಷ್ಟವಾದದ್ದನ್ನು ಆರಿಸಿ ಕೆಂಪು ದಾರ ಕಟ್ಟುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಅಂಥ ಕೆಲಸಕ್ಕೆ ಬಾಜೂ ಮನೆಯಾಕೆ ಗೋಡೆಯ ಮೇಲೆ ಹಾಜರಿರಲೇಬೇಕು.

"ಮೊದಲು ನಿಮ್ಮ ನವಲಿದ್ದಕ್ಕ ಕಟ್ಟೂಣ್ರಿ ಅತ್ತಿ."

"ಬ್ಯಾಡವ್ವ, ನಿಮ್ಮ ಮಂಗಳೂರದ್ದಕ್ಕ ಕಟ್ಟು."

"ಹಿರ್ಯಾರದು ಮೊದಲ್ರಿ."

"ಮನಿಗೆ ಬಂದ ಸೊಸಿದು ಮೊದಲು."

ಹತ್ತು ನಿಮಿಷ ಹೀಗೇ ನಡೆಯಿತು. ಸ್ವಾರ್ಥ ಇಷ್ಟು ಮರ್ಯಾದೆಯಿಂದ ಮಾತಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಬಾಜೂ ಮನೆಯಾಕೆ ತನ್ನ ಸೊಸೆಯನ್ನು ಕೂಗಿ ಕರೆದು, "ನೋಡು, ಕಣ್ಣು ತೆರದು ನೋಡು," ಎಂದು ನಮ್ಮಿಬ್ಬರನ್ನು ತೋರಿಸಿದಳು. ಕಡೆಗೆ ಎರಡಕ್ಕೂ ಒಟ್ಟಿಗೆ ಕಟ್ಟಿದೆವು.

ಎಳ್ಳಮಾವಾಸ್ಯೆ ಮುಗಿಸಿಕೊಂಡು ಅವ್ವ ಬಂದಳು, ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿಯ ಗಂಟು ಹೊತ್ತುಕೊಂಡು. ಬರುವುದಕ್ಕೆ ಮುಂಚೆ ಫೋನಿನಲ್ಲಿ ಎಲ್ಲ ಹೇಳಬೇಕೆಂದು ನಾಲ್ಕು ಸಲ ಹೊರಟೆ, ನಾಲ್ಕೂ ಸಲ ಅತ್ತೆ ಹತ್ತಿರದಲ್ಲೇ ಇದ್ದರು. ಹೀಗಾಗಿ ಅವ್ವ ಏನೂ ತಿಳಿಯದೆ ಊಟಕ್ಕೆ ಕೂತಳು. ಬೀಗರು ಮನೆಗೆ ಬಂದಾಗ ಅಡುಗೆ ಸೊಸೆಯ ಕೈಗೆ ಬಿಡುವುದು ಅತ್ತೆಯ ಪದ್ಧತಿಯಲ್ಲ. ತಾವೇ ಕುಟ್ಟಿದ ಟೊಮೆಟೊ ಚಟ್ನಿಯನ್ನು ರೊಟ್ಟಿಯ ಮಗ್ಗುಲಿಗೆ ಬಡಿಸಿದರು. ಅವ್ವ ಒಂದು ತುತ್ತು ಬಾಯಿಗೆ ಇಟ್ಟಳು. ದವಡೆ ನಿಂತಿತು.

"ಯಾವೂರಿನ ಟಮಾಟಿರೀ ಬೀಗರ ಇವು?"

"ನಮ್ಮ ನವಲೀವು," ಅಂದರು ಅತ್ತೆ, ಅವ್ವನ ತಟ್ಟೆಗೆ ತುಪ್ಪ ಹಾಕುತ್ತ. "ಹಿತ್ತಲದಾಗ ಬೆಳೆದಾವ. ನಿಮ್ಮ ಮಗಳ ಹಚ್ಯಾಳ."

ನಾನು ನೀರಿನ ಲೋಟ ನೋಡುತ್ತ ಕೂತೆ. ಅವ್ವ ಊಟ ಮುಗಿಸಿ, ಕೈತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ನಾವಿಬ್ಬರೂ ಹಿಂದೆಯೇ ಹೋದೆವು. ಕೆಂಪು ದಾರ ಕಟ್ಟಿದ ಹಣ್ಣನ್ನು ಅವಳು ಅಂಗೈಯಲ್ಲಿ ಇಟ್ಟುಕೊಂಡು, ತೊಟ್ಟಿನ ಸುತ್ತಲ ಹಸಿರನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಪಟ್ಟಿ ನೋಡಿದಳು. ಅವ್ವ ಮೂರನೆಯ ತರಗತಿಯವರೆಗೆ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿ ಓದಿ, ಆಚೆಯ ಗಿಡದ ಪಟ್ಟಿಯನ್ನೂ ಓದಿ, ಅದರ ಚಪ್ಪಟೆ ಹಣ್ಣುಗಳನ್ನು ನೋಡಿ, ನನ್ನ ಮುಖ ನೋಡಿದಳು. ಚಿಕ್ಕವಳಿದ್ದಾಗ ಬೆಲ್ಲ ಕದ್ದ ದಿನ ಹಾಗೆ ನೋಡಿದ್ದಳು. ಈಗ ಬೈಯುತ್ತಾಳೆ, ಬೀಗರ ಮುಂದೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ ಎಂದುಕೊಂಡೆ.

ಅವ್ವ ಸೆರಗು ಸರಿಮಾಡಿಕೊಂಡು ಅತ್ತೆಯ ಕಡೆ ತಿರುಗಿದಳು.

"ನಿಮ್ಮ ನವಲಿ ಟಮಾಟಿ ಭಾಳ ಛಲೋ ಅದಾವ್ರಿ ಬೀಗರ. ನನಗೂ ನಾಕು ಬೀಜ ಕೊಡ್ರಿ."

ತಾನು ಕೊಟ್ಟ ಬೀಜವನ್ನು, ತನ್ನ ಅವ್ವನ ಬೀಜವನ್ನು, ಬೇರೆಯವರ ಹೆಸರು ಹೇಳಿ ಬೇಡಿದಳು. ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದರೆ ಅವ್ವ ನನ್ನ ಕಾಲು ತುಳಿದಳು.

ಅತ್ತೆ ದಾರ ಬಿಚ್ಚಿ ಹಣ್ಣು ಕಿತ್ತರು. ಬೀಜ ಹಿಂಡಿ, ಬೂದಿಯಲ್ಲಿ ಉಜ್ಜಿ, ಅರಿವೆಯ ಮೇಲೆ ಹರವಿದರು. ಅವ್ವ ಮೂರು ದಿನ ಇದ್ದಳು, ಮೂರು ದಿನವೂ ಅತ್ತೆ ಆ ಅರಿವೆಯನ್ನು ಬಿಸಿಲಿನ ಹಿಂದೆ ಹಿಂದೆ ಸರಿಸುತ್ತ ಹೋದರು. ಹೊರಡುವ ದಿನ ಅವ್ವನನ್ನು ಮಣೆಯ ಮೇಲೆ ಕೂರಿಸಿ ಅರಿಷಿಣ ಕುಂಕುಮ ಹಚ್ಚಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಕಣ, ಎಲ್ಲದರ ಮೇಲೆ ಬೀಜದ ಗಂಟು. "ನಮ್ಮ ತವರಿನ ಬೀಜರೀ, ಜ್ವಾಕಿ ಮಾಡ್ರಿ," ಎಂದು ನನ್ನ ಮುಖ ನೋಡದೆ ಹೇಳಿದರು.

ಬಸ್‌ಸ್ಟ್ಯಾಂಡಿನಲ್ಲಿ ನಾನು ಅವ್ವನ ಕೈ ಹಿಡಿದು, "ತಪ್ಪಾತು ಬೇ," ಅಂದೆ.

"ಹುಚ್ಚಿ," ಅಂದಳು ಅವ್ವ. "ನನ್ನ ಬೀಜಕ್ಕ ನನ್ನ ಸೊಸಿ ಜಾಗ ಕೊಡಲಿಲ್ಲ. ಬೀಗರು ಉಡಿ ತುಂಬಿ ಕೊಟ್ಟದ್ದನ್ನ ಬ್ಯಾಡ ಅಂತಾಳೇನು? ಅನ್ನಲಿ ನೋಡೂಣು."

ಅನ್ನಲಿಲ್ಲ. ಬೀಗರ ಉಡಿಯ ಬೀಜ ಬಿತ್ತದೆ ಬಿಟ್ಟರೆ ನಾಳೆ ನಾಲ್ಕು ಮಂದಿ ಏನಂದಾರು ಎಂದು ತಮ್ಮನ ಹೆಂಡತಿಯೇ ಗೌಂಡಿಯನ್ನು ಕರೆಸಿ, ಹಿತ್ತಲ ಮೂಲೆಯಲ್ಲಿ ಒಂದು ಮಂಚದಷ್ಟು ಸಿಮೆಂಟು ಒಡೆಸಿದಳು. ಪೇಟೆಯ ಟೊಮೆಟೊ ಹೊಗಳುತ್ತಿದ್ದವಳು ಈಗ ಮನೆಗೆ ಬಂದವರಿಗೆಲ್ಲ ನವಲಿಯ ಬೀಗರು ಕೊಟ್ಟ ಟೊಮೆಟೊ ಎಂದು ತೋರಿಸುತ್ತಾಳಂತೆ. ನೀರು ಹಾಕಲು ಅವ್ವನಿಗೂ ಬಿಡುವುದಿಲ್ಲವಂತೆ. ಇದನ್ನೆಲ್ಲ ಅವ್ವ ಬೇಸಗೆಯ ಒಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದಳು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಅವ್ವನ ಹೆಸರಿನಲ್ಲಿ ಸಿಗದ ಒಂದು ಮೊಳ ಜಾಗ ಬೀಗರ ಹೆಸರಿನಲ್ಲಿ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಯಿತು. ಅವ್ವನಿಗೆ ಮಾತ್ರ ಅಂಥದ್ದೇನೂ ಇದ್ದಂತಿರಲಿಲ್ಲ. "ನಿಮ್ಮ ಅತ್ತಿಗೆ ಹೇಳು, ಅವರ ನವಲಿ ಟಮಾಟಿ ಹಣ್ಣಾಗ್ಯಾವ ಅಂತ," ಎಂದಳು.

ಫೋನು ಸ್ಪೀಕರಿನಲ್ಲಿತ್ತು. ಕಾಳು ಆರಿಸುತ್ತಿದ್ದ ಅತ್ತೆ ಮೊರ ಕೆಳಗಿಟ್ಟು ನನ್ನ ಕೈಯಿಂದ ಫೋನು ತೆಗೆದುಕೊಂಡರು. ಅವರಿಗೆ ಫೋನಿನಲ್ಲಿ ಯಾವಾಗಲೂ ಬಯಲಲ್ಲಿ ಕೂಗಿದಂತೆ ಮಾತಾಡಿ ರೂಢಿ. ಅಂದು ಮಾತ್ರ ದನಿ ಇಳಿಸಿ ಕೇಳಿದರು:

"ಹುಳಿ ಹೆಂಗದಾವ್ರಿ ಬೀಗರ? ನಿಮ್ಮ ಅವ್ವನ ಕಾಲದಾಗ ಇದ್ದಂಗ ಅದಾವೋ ಇಲ್ಲೋ?"

"ಹಂಗ ಅದಾವ್ರಿ," ಅಂದಳು ಅವ್ವ.